ಇಂಗ್ಲಿಷ್ ಪದಸಂಪತ್ತಿಗೆ ಯಾವ ಓದು ಸರಿ? ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗಾಗಿ ಒಂದು ಹೋಲಿಕೆ

ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಓದುವ ಮಕ್ಕಳ ಪದಸಂಪತ್ತನ್ನು ಹೆಚ್ಚಿಸಲು ಏನು ಮಾಡಬೇಕೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಬೆರಳೆಣಿಕೆಯಷ್ಟು. ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಸಿ ಎನ್ನುವವರಿದ್ದಾರೆ. ಪಾಠದ ಪ್ರತಿ ಸಾಲಿಗೂ ಅರ್ಥ ಬರೆಸಿ ಎನ್ನುವವರಿದ್ದಾರೆ. ಇಂಗ್ಲಿಷ್ ಪತ್ರಿಕೆ ಓದಿಸಿ, ಕಾಮಿಕ್ಸ್ ಕೊಡಿ, ಕಥೆಪುಸ್ತಕ ಕೊಡಿ ಎನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ, ಆದರೆ ಎಲ್ಲವೂ ಎಲ್ಲ ಮಕ್ಕಳಿಗೂ ಸರಿಯಲ್ಲ. ಶಾಲೆಗೆ ಇರುವ ಹಣ ಕಡಿಮೆ, ವಾರದಲ್ಲಿ ಸಿಗುವ ಪಿರಿಯಡ್‌ಗಳು ಕಡಿಮೆ, ಪೋರ್ಷನ್ ಮುಗಿಸುವ ಒತ್ತಡ ಮಾತ್ರ ಹೆಚ್ಚು. ಆದ್ದರಿಂದ ಆಯ್ಕೆಯನ್ನು ಯೋಚಿಸಿ ಮಾಡಬೇಕು. ಈ ಬರಹ ಮುಖ್ಯವಾಗಿ ಎಂಟು ಮತ್ತು ಒಂಬತ್ತನೆಯ ತರಗತಿಗೆ ಕಲಿಸುವ ಶಿಕ್ಷಕರನ್ನೂ, ಮನೆಯಲ್ಲಿ ಇಂಗ್ಲಿಷ್ ಮಾತನಾಡದ ಪೋಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡಿದೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಪುಸ್ತಕವನ್ನು ಅದರ ಪ್ರತಿಷ್ಠೆ ನೋಡಿ ಆರಿಸಬಾರದು. ಒಂದು ಪುಟದಲ್ಲಿ ಮಗುವಿಗೆ ಗೊತ್ತಿಲ್ಲದ ಪದಗಳು ಎಷ್ಟಿವೆ ಎಂಬುದನ್ನೂ, ಆ ಬಗೆಯ ಪುಟಗಳು ಎಷ್ಟು ದೊಡ್ಡ ಸಂಖ್ಯೆಯಲ್ಲಿ ಸಿಗುತ್ತವೆ ಎಂಬುದನ್ನೂ ನೋಡಿ ಆರಿಸಬೇಕು. ಉಳಿದ ಮಾನದಂಡಗಳೆಲ್ಲ ಇವೆರಡರ ನಂತರ ಬರುತ್ತವೆ.

ಎರಡು ಅಳತೆಗಳು

ಮೊದಲನೆಯದು ಗೊತ್ತಿಲ್ಲದ ಪದಗಳ ಸಾಂದ್ರತೆ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಮತ್ತು ಅವರ ಸಹ ಸಂಶೋಧಕಿ ಹು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಘಂಟು ಅಥವಾ ಶಿಕ್ಷಕರ ನೆರವಿಲ್ಲದೆ ಕಥೆಯೊಂದನ್ನು ಅರ್ಥ ಮಾಡಿಕೊಳ್ಳಲು ಅದರಲ್ಲಿನ ನೂರಕ್ಕೆ ಸುಮಾರು 98 ಪದಗಳು ಓದುಗರಿಗೆ ಮೊದಲೇ ಗೊತ್ತಿರಬೇಕು. ಸುಮಾರು 250 ಪದಗಳಿರುವ ಒಂದು ಪುಟದಲ್ಲಿ ಗೊತ್ತಿಲ್ಲದ ಪದಗಳು ಐದನ್ನು ಮೀರಬಾರದು ಎಂದು ಇದರ ಅರ್ಥ. ಪ್ರಮಾಣ 95ಕ್ಕೆ ಇಳಿದರೆ ಅದೇ ಪುಟದಲ್ಲಿ ಹನ್ನೆರಡು ಹದಿಮೂರು ಪದಗಳು ಅಡ್ಡ ನಿಲ್ಲುತ್ತವೆ. 90ಕ್ಕೆ ಇಳಿದರೆ ಇಪ್ಪತ್ತೈದು. ಪುಟಕ್ಕೆ ಇಪ್ಪತ್ತೈದು ಬಾರಿ ನಿಲ್ಲಬೇಕಾದ ಮಗು ಓದುತ್ತಿಲ್ಲ, ಒಗಟು ಬಿಡಿಸುತ್ತಿದೆ. ಎಂಟನೆಯ ತರಗತಿಯ ಅನೇಕ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಿಂದ ಬರೆದ ಪುಟ್ಟ ಕನ್ನಡ ಅಕ್ಷರಗಳು ಕಾಣುತ್ತವೆ. ಅರ್ಧ ಸಾಲಿನಷ್ಟು ಪದಗಳ ನೆತ್ತಿಯ ಮೇಲೆ ಕನ್ನಡ ಅರ್ಥ, ಕೆಲವೆಡೆ ಉಚ್ಚಾರಣೆಯೂ ಕನ್ನಡದಲ್ಲೇ. ಅಂಥ ಪುಟವನ್ನು ಮತ್ತೆ ಓದುವಾಗ ಕಣ್ಣು ಹೋಗುವುದು ಮೇಲಿನ ಸಾಲಿಗೆ. ಕೆಳಗಿನ ಇಂಗ್ಲಿಷ್ ಪದವನ್ನು ಮನಸ್ಸು ದಾಟಿಬಿಡುತ್ತದೆ.

ಎರಡನೆಯ ಅಳತೆ ಓದಿನ ಒಟ್ಟು ಪ್ರಮಾಣ. ಒಂದು ಹೊಸ ಪದ ಒಮ್ಮೆ ಎದುರಾದ ಮಾತ್ರಕ್ಕೆ ನೆನಪಿನಲ್ಲಿ ನಿಲ್ಲುವುದಿಲ್ಲ. ಬೇರೆ ಬೇರೆ ಸಂದರ್ಭಗಳಲ್ಲಿ ಹತ್ತು ಹನ್ನೆರಡು ಬಾರಿಯಾದರೂ ಎದುರಾಗಬೇಕು. ನೇಷನ್ 2014ರಲ್ಲಿ ಈ ಲೆಕ್ಕವನ್ನು ಹಾಕಿ ತೋರಿಸಿದರು. ಹೆಚ್ಚು ಬಳಕೆಯಲ್ಲಿರುವ ಮೊದಲ ಸಾವಿರ ಪದಗಳು ಬಂದ ಮೇಲೆ ಎರಡನೆಯ ಸಾವಿರ ಪದಗಳನ್ನು ಓದಿನಲ್ಲಿ ಸಾಕಷ್ಟು ಬಾರಿ ಭೇಟಿಯಾಗಲು ಸುಮಾರು ಎರಡು ಲಕ್ಷ ಪದಗಳಷ್ಟು ಗದ್ಯವನ್ನು ಓದಬೇಕು. ಮೂರನೆಯ ಸಾವಿರಕ್ಕೆ ಸುಮಾರು ಮೂರು ಲಕ್ಷ ಬೇಕು. ಎರಡು ಲಕ್ಷ ಎಂಬ ಸಂಖ್ಯೆ ಕೇಳಿದಾಗ ಗಾಬರಿಯಾಗುತ್ತದೆ. ಆದರೆ ನಿಮಿಷಕ್ಕೆ ನೂರು ಪದಗಳ ನಿಧಾನ ವೇಗದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಓದುವ ಮಗು ದಿನಕ್ಕೆ ಎರಡು ಸಾವಿರ ಪದಗಳನ್ನು ದಾಟುತ್ತದೆ. ನೂರು ದಿನಕ್ಕೆ ಎರಡು ಲಕ್ಷ ಮುಗಿಯುತ್ತದೆ. ಒಂದು ಶೈಕ್ಷಣಿಕ ವರ್ಷದ ಒಳಗೇ ಆಗಬಹುದಾದ ಕೆಲಸ ಇದು. ಪಠ್ಯಪುಸ್ತಕದ ಎಲ್ಲ ಗದ್ಯ, ಎಲ್ಲ ಪದ್ಯ ಮತ್ತು ಪೂರಕ ಪಾಠಗಳನ್ನು ಒಟ್ಟು ಕೂಡಿಸಿದರೂ ಆ ಸಂಖ್ಯೆಯ ಹತ್ತಿರಕ್ಕೆ ಬರಲಾಗುವುದಿಲ್ಲ ಎಂಬುದನ್ನೂ ಇಲ್ಲೇ ಗಮನಿಸಬೇಕು.

ಈ ಎರಡು ಅಳತೆಗಳನ್ನು ಕೈಯಲ್ಲಿ ಹಿಡಿದು ಈಗ ಒಂದೊಂದು ದಾರಿಯನ್ನೂ ನೋಡೋಣ.

ಪದಪಟ್ಟಿ ಮತ್ತು ಬಾಯಿಪಾಠ

ವಿಸ್ತೃತ ಓದನ್ನು, ಅಂದರೆ ಸುಲಭ ಪುಸ್ತಕಗಳನ್ನು ರಾಶಿಯಾಗಿ ಓದಿಸುವುದನ್ನು, ಮೆಚ್ಚುವವರು ಪದಪಟ್ಟಿಯನ್ನು ಹಳೆಯ ಕ್ರಮವೆಂದು ತಳ್ಳಿಹಾಕುವುದುಂಟು. ಅದು ಸರಿಯಲ್ಲ. ಇಂಗ್ಲಿಷಿನ ಮುನ್ನೂರು ನಾನೂರು ಪದಗಳೂ ಬಾರದ ಮಗುವಿಗೆ ಯಾವ ಪುಸ್ತಕವೂ 98ರ ಅಳತೆಗೆ ಸಿಗುವುದಿಲ್ಲ. ಅಂಥ ಮಗುವಿಗೆ ಮೊದಲ ಮೆಟ್ಟಿಲನ್ನು ನೇರವಾಗಿಯೇ ಕಲಿಸಬೇಕು. ಒಂದು ಬದಿಯಲ್ಲಿ ಇಂಗ್ಲಿಷ್ ಪದ, ಇನ್ನೊಂದು ಬದಿಯಲ್ಲಿ ಕನ್ನಡ ಅರ್ಥ ಬರೆದ ಚೀಟಿಗಳನ್ನು ತಿರುವಿ ತಿರುವಿ ನೋಡುವ ಅಭ್ಯಾಸ ಕಡಿಮೆ ಸಮಯದಲ್ಲಿ ಹೆಚ್ಚು ಪದಗಳನ್ನು ಕೊಡುತ್ತದೆ. ಈ ವಿಷಯದಲ್ಲಿ ಸಂಶೋಧಕರ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯವೇನೂ ಇಲ್ಲ. ಮಾತೃಭಾಷೆಯಲ್ಲಿ ಅರ್ಥ ಕೊಡುವುದರಲ್ಲೂ ತಪ್ಪಿಲ್ಲ.

ತೊಂದರೆ ಇರುವುದು ಪಟ್ಟಿಯನ್ನು ಮಾಡುವ ರೀತಿಯಲ್ಲಿ. ತರಗತಿಯ ಗೋಡೆಯ ಚಾರ್ಟುಗಳಲ್ಲಿ ವಿರುದ್ಧ ಪದಗಳು, ಬಣ್ಣಗಳು, ತರಕಾರಿಗಳು, ಸಮಾನಾರ್ಥಕ ಪದಗಳು ಹೀಗೆ ಗುಂಪುಗುಂಪಾಗಿ ಇರುತ್ತವೆ. ಹೊಸದಾಗಿ ಕಲಿಯುವವರಿಗೆ ಅರ್ಥದಲ್ಲಿ ಹತ್ತಿರವಿರುವ ಪದಗಳನ್ನು ಒಟ್ಟಿಗೆ ಕೊಟ್ಟರೆ ಅವು ಒಂದಕ್ಕೊಂದು ತಳುಕು ಹಾಕಿಕೊಳ್ಳುತ್ತವೆ. ಎಡಕ್ಕೂ ಬಲಕ್ಕೂ ಇರುವ ಇಂಗ್ಲಿಷ್ ಪದಗಳನ್ನು ಒಂದೇ ದಿನ ಕಲಿತ ಮಗು ಯಾವುದು ಯಾವುದೆಂದು ತಿಂಗಳುಗಟ್ಟಲೆ ತಡವರಿಸುತ್ತದೆ. ಒಂದನ್ನು ಕಲಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದನ್ನು ಕೊಡುವುದು ಮೇಲು. ಎರಡನೆಯ ತೊಂದರೆ ಎಂದರೆ, ಪಟ್ಟಿಯಿಂದ ಕಲಿತ ಪದಕ್ಕೆ ಒಂದೇ ಅರ್ಥ ಅಂಟಿಕೊಂಡಿರುತ್ತದೆ. ಅದು ಯಾವ ಪದದ ಜೊತೆಗೆ ಬರುತ್ತದೆ, ವಾಕ್ಯದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ಓದು ಮಾತ್ರ ಕಲಿಸಬಲ್ಲದು. ಆದ್ದರಿಂದ ಪಟ್ಟಿಗೆ ಇಂಗ್ಲಿಷಿನ ಒಟ್ಟು ಸಮಯದ ಸಣ್ಣ ಪಾಲನ್ನು ಕೊಡಿ. ಆರಂಭಿಕ ಹಂತದಲ್ಲಿ ಸ್ವಲ್ಪ ಹೆಚ್ಚು, ಮುಂದೆ ಕಡಿಮೆ.

ಪಠ್ಯಪುಸ್ತಕದ ಸೂಕ್ಷ್ಮ ಓದು

ಪಾಠವನ್ನು ಸಾಲುಸಾಲಾಗಿ ವಿವರಿಸುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಪರೀಕ್ಷೆ ಇರುವವರೆಗೆ ಅದು ಇದ್ದೇ ಇರುತ್ತದೆ. ಒಂದು ವಾಕ್ಯದ ರಚನೆಯನ್ನು ಬಿಡಿಸಿ ನೋಡಲು, ಒಂದು ಪದದ ಛಾಯೆಯನ್ನು ಚರ್ಚಿಸಲು ಇದಕ್ಕಿಂತ ಉತ್ತಮ ದಾರಿಯಿಲ್ಲ. ಆದರೆ ಕೆಲವೇ ಪುಟಗಳ ಪಾಠಕ್ಕೆ ಎರಡು ವಾರ ಹಿಡಿಯುವುದರಿಂದ ಇದು ಪ್ರಮಾಣದ ಅಳತೆಯಲ್ಲಿ ಸೋಲುತ್ತದೆ. ಒಂದು ಪಾಠದಲ್ಲಿ ಬಂದ ಹೊಸ ಪದ ಮುಂದಿನ ಪಾಠದಲ್ಲಿ ಮತ್ತೆ ಬರುತ್ತದೆ ಎಂಬ ಖಾತರಿಯೂ ಇಲ್ಲ. ಪಠ್ಯಪುಸ್ತಕವನ್ನೇ ಪದಸಂಪತ್ತಿನ ಏಕೈಕ ಮೂಲವೆಂದು ನೆಚ್ಚಿಕೊಂಡಿರುವುದೇ ಹತ್ತು ವರ್ಷ ಇಂಗ್ಲಿಷ್ ಓದಿದ ನಂತರವೂ ಒಂದು ಸರಳ ಕಥೆಯನ್ನು ಓದಲಾಗದ ಸ್ಥಿತಿಗೆ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಗ್ರೇಡೆಡ್ ರೀಡರ್‌ಗಳು

ಪದಗಳ ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿಕೊಂಡು, ಆ ಮಿತಿಯೊಳಗೆ ಬರೆದ ಅಥವಾ ಸಂಕ್ಷೇಪಿಸಿದ ಕಥೆಪುಸ್ತಕಗಳಿಗೆ ಗ್ರೇಡೆಡ್ ರೀಡರ್ ಎನ್ನುತ್ತಾರೆ. ಇವನ್ನು ಪರದೇಶದ ಸರಕು ಎಂದು ದೂರ ಇಡುವವರಿಗೆ ಒಂದು ಸಂಗತಿ ಗೊತ್ತಿರಬೇಕು. ಈ ಬಗೆಯ ಪುಸ್ತಕಗಳ ಆರಂಭದ ಇತಿಹಾಸಕ್ಕೂ ನಮ್ಮ ಉಪಖಂಡಕ್ಕೂ ನೇರ ನಂಟಿದೆ. ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ 1920ರ ದಶಕದಲ್ಲಿ ಢಾಕಾದಲ್ಲಿದ್ದಾಗ, ಬಂಗಾಳಿ ಮಕ್ಕಳಿಗೆ ಕೊಡುತ್ತಿದ್ದ ಇಂಗ್ಲಿಷ್ ವಾಚಿಕೆಗಳಲ್ಲಿ ಎರಡು ದೋಷಗಳನ್ನು ಗುರುತಿಸಿದರು. ಒಂದು, ವಿರಳವಾಗಿ ಬಳಕೆಯಾಗುವ ಪದಗಳು ಅಗತ್ಯವಿಲ್ಲದೆ ತುಂಬಿಕೊಂಡಿದ್ದವು. ಇನ್ನೊಂದು, ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು, ಹಳೆಯವು ಮರಳಿ ಬರುತ್ತಿರಲಿಲ್ಲ. ಇದನ್ನು ಸರಿಪಡಿಸಲು ಅವರು ರೂಪಿಸಿದ ಹೊಸ ವಾಚಿಕೆಗಳ ಸರಣಿಯಿಂದಲೇ ಇಂದಿನ ಗ್ರೇಡೆಡ್ ರೀಡರ್‌ಗಳ ಪರಂಪರೆ ಬೆಳೆಯಿತು. ಮುಂದೆ 1953ರಲ್ಲಿ ಅವರು ಪ್ರಕಟಿಸಿದ, ಸುಮಾರು ಎರಡು ಸಾವಿರ ಪದಗಳ ಸಾಮಾನ್ಯ ಬಳಕೆಯ ಪಟ್ಟಿ ದಶಕಗಳ ಕಾಲ ಇಂಗ್ಲಿಷ್ ಬೋಧನೆಯ ಆಧಾರವಾಗಿತ್ತು. ವೆಸ್ಟ್ ಕಂಡ ಆ ಎರಡು ದೋಷಗಳು ಇಂದು ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಪೂರಕ ಪುಸ್ತಕಗಳಲ್ಲಿ ಹಾಗೆಯೇ ಇವೆ.

ಭಾರತದಲ್ಲಿ ಸುಲಭವಾಗಿ ಸಿಗುವ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿಯಲ್ಲಿ ಆರಂಭಿಕ ಹಂತಕ್ಕೆ 250 ಮೂಲಪದಗಳು, ಒಂದನೆಯ ಹಂತಕ್ಕೆ 400, ಎರಡನೆಯದಕ್ಕೆ 700, ಮೂರನೆಯದಕ್ಕೆ 1000, ಹೀಗೆ ಏರುತ್ತ ಆರನೆಯ ಹಂತ 2500ಕ್ಕೆ ಮುಟ್ಟುತ್ತದೆ. ಕೇಂಬ್ರಿಡ್ಜ್ ಇಂಗ್ಲಿಷ್ ರೀಡರ್ಸ್ ಸರಣಿಯಲ್ಲಿ ಒಂದನೆಯ ಹಂತ 400, ಎರಡು 800, ಮೂರು 1300 ಮತ್ತು ಆರು 3800. ಎರಡು ಸರಣಿಗಳ ಹಂತಗಳಿಗೆ ಒಂದೇ ಅಂಕಿ ಇದ್ದರೂ ಪದಸಂಖ್ಯೆ ಒಂದೇ ಅಲ್ಲ ಎಂಬುದನ್ನು ಕೊಳ್ಳುವಾಗ ನೆನಪಿಡಬೇಕು. ಆಕ್ಸ್‌ಫರ್ಡ್ ಸರಣಿಯ ಎರಡನೆಯ ಹಂತ ಮುಗಿಸಿದ ಮಗುವಿಗೆ ಕೇಂಬ್ರಿಡ್ಜ್ ಸರಣಿಯ ಮೂರನೆಯ ಹಂತವನ್ನು ಕೊಟ್ಟರೆ ಆರುನೂರು ಪದಗಳ ಜಿಗಿತವಾಗುತ್ತದೆ.

ಈ ಪುಸ್ತಕಗಳ ದೊಡ್ಡ ಗುಣ ಪುನರಾವರ್ತನೆ. ಆಶ್ರಯ ಎಂಬ ಅರ್ಥದ ‘ಶೆಲ್ಟರ್’ ಪದವನ್ನೇ ತೆಗೆದುಕೊಳ್ಳಿ. ಮಳೆ ಬಂದಾಗ ಇಬ್ಬರು ಹುಡುಗರು ಮರದ ಕೆಳಗೆ ಓಡಿ ಅಲ್ಲಿ ಶೆಲ್ಟರ್ ಪಡೆದರು ಎಂದು ಮೊದಲ ಬಾರಿ ಓದುವಾಗ ಅದು ಮರಕ್ಕೆ ಸಂಬಂಧಿಸಿದ್ದೋ ಮಳೆಗೆ ಸಂಬಂಧಿಸಿದ್ದೋ ಮಗುವಿಗೆ ಸ್ಪಷ್ಟವಾಗುವುದಿಲ್ಲ. ಹತ್ತು ಪುಟಗಳ ನಂತರ ಗುಹೆಯೊಂದು ಅವರಿಗೆ ರಾತ್ರಿಯ ಶೆಲ್ಟರ್ ಆಗುತ್ತದೆ. ಆಗ ಮರದ ಸಂಬಂಧ ಕಳಚುತ್ತದೆ. ಇನ್ನೊಂದು ಪುಸ್ತಕದಲ್ಲಿ ಪ್ರವಾಹ ಬಂದ ಊರಿನ ಜನ ಶಾಲೆಯ ಕಟ್ಟಡದಲ್ಲಿ ಶೆಲ್ಟರ್ ಪಡೆದಾಗ ಅರ್ಥ ಗಟ್ಟಿಯಾಗುತ್ತದೆ, ಯಾವ ಕ್ರಿಯಾಪದದ ಜೊತೆ ಅದು ಬರುತ್ತದೆ ಎಂಬುದೂ ಕಿವಿಗೆ ಬೀಳುತ್ತದೆ. ಈ ಕೆಲಸ ಆಗಬೇಕಾದರೆ ಸುತ್ತಲಿನ ಪದಗಳೆಲ್ಲ ಗೊತ್ತಿರಬೇಕು. ಗುಹೆ, ಪ್ರವಾಹ, ಕಟ್ಟಡ ಯಾವುದೂ ಗೊತ್ತಿಲ್ಲದ ಮಗುವಿಗೆ ಊಹಿಸಲು ಆಧಾರವೇ ಇರುವುದಿಲ್ಲ.

ಇವುಗಳ ಶಕ್ತಿಯನ್ನು ಅತಿಯಾಗಿ ಹೇಳಬಾರದು. ವೇರಿಂಗ್ ಮತ್ತು ತಕಾಕಿ ಎಂಬ ಸಂಶೋಧಕರು ಜಪಾನಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿಯುವವರು ಒಂದು ಗ್ರೇಡೆಡ್ ರೀಡರ್ ಓದಿದ ಕೂಡಲೇ ಅದರಲ್ಲಿದ್ದ 25 ಹೊಸ ಪದಗಳ ಪೈಕಿ ಸರಾಸರಿ ಹತ್ತಕ್ಕೆ ಸ್ವಲ್ಪ ಹೆಚ್ಚನ್ನು ಆಯ್ಕೆಗಳ ನಡುವೆ ಗುರುತಿಸಿದರು. ಆದರೆ ತಾವಾಗಿಯೇ ಅರ್ಥ ಹೇಳಲು ಸಾಧ್ಯವಾದದ್ದು ನಾಲ್ಕೈದಕ್ಕೆ ಮಾತ್ರ. ಮೂರು ತಿಂಗಳ ನಂತರ ಅದು ಸುಮಾರು ಒಂದಕ್ಕೆ ಇಳಿದಿತ್ತು. ಒಂದು ಪುಸ್ತಕ ಓದಿಸಿ ಫಲ ನಿರೀಕ್ಷಿಸುವ ಶಿಕ್ಷಕರಿಗೆ ಇದು ಕಹಿ ಸತ್ಯ. ಒಂದು ಪುಸ್ತಕ ಸಾಲದು, ಅದೇ ಹಂತದ ಹತ್ತು ಹದಿನೈದು ಪುಸ್ತಕಗಳು ಒಂದರ ಹಿಂದೆ ಒಂದು ಬೇಕು, ಮರೆಯುವ ಮೊದಲೇ ಪದ ಮತ್ತೆ ಎದುರಾಗಬೇಕು. ಒಂದನೆಯ ಮತ್ತು ಎರಡನೆಯ ಹಂತಗಳ ಪುಸ್ತಕಗಳು ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಪದಗಳಷ್ಟು ಉದ್ದವಿರುವುದರಿಂದ ಎರಡು ಲಕ್ಷದ ಗುರಿಗೆ ಮೂವತ್ತಮೂರರ ಆಸುಪಾಸಿನ ಪುಸ್ತಕಗಳು ಬೇಕಾಗುತ್ತವೆ. ಪ್ರತಿ ಮಗುವಿಗೂ ಅಷ್ಟನ್ನು ಕೊಳ್ಳಬೇಕಿಲ್ಲ; ನಲವತ್ತು ಬೇರೆ ಬೇರೆ ಪುಸ್ತಕಗಳ ಒಂದು ಪೆಟ್ಟಿಗೆ ನಲವತ್ತು ಮಕ್ಕಳ ತರಗತಿಗೆ ವರ್ಷಪೂರ್ತಿ ಸಾಕಾಗುತ್ತದೆ. ಒಂದೇ ಪುಸ್ತಕದ ನಲವತ್ತು ಪ್ರತಿ ಕೊಳ್ಳುವುದು ಮಾತ್ರ ಹಣ ಪೋಲು ಮಾಡಿದಂತೆ.

ಕಥೆಗಳ ಲೋಕದ ವಿಷಯದಲ್ಲೂ ಕೊರತೆಯಿದೆ. ಹಿಮ, ಬೆಂಕಿಗೂಡು, ಲಂಡನ್ನಿನ ಪತ್ತೇದಾರ ಇವೆಲ್ಲ ಕೆಲವು ಮಕ್ಕಳಿಗೆ ಕುತೂಹಲ ಹುಟ್ಟಿಸುತ್ತವೆ, ಕೆಲವರಿಗೆ ಪರಕೀಯವೆನಿಸುತ್ತವೆ. ಪತ್ತೇದಾರಿ ಮತ್ತು ದೆವ್ವದ ಕಥೆಗಳು ಹೆಚ್ಚಾಗಿ ಈ ಅಡ್ಡಿಯನ್ನು ದಾಟುತ್ತವೆ. ಪೆಟ್ಟಿಗೆ ತುಂಬುವಾಗ ಅವುಗಳಿಗೆ ಆದ್ಯತೆ ಕೊಡಿ.

ಸ್ಟೋರಿವೀವರ್ ಮತ್ತು ಉಚಿತ ಕಥೆಗಳು

ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು ಸ್ಟೋರಿವೀವರ್ ಎಂಬ ಉಚಿತ ಡಿಜಿಟಲ್ ಭಂಡಾರವನ್ನು ತೆರೆಯಿತು. ಇದರ ಕಥೆಗಳು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ಶಿಕ್ಷಕರು ಅವನ್ನು ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಜೆರಾಕ್ಸ್ ಮಾಡಿ ಹಂಚಬಹುದು. ನಮ್ಮ ಮಕ್ಕಳಿಗೆ ಇದರ ಅತಿದೊಡ್ಡ ಪ್ರಯೋಜನ ಎಂದರೆ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದು. ಮೊದಲು ಕನ್ನಡದಲ್ಲಿ ಓದಿ, ಮಾರನೆಯ ದಿನ ಇಂಗ್ಲಿಷಿನಲ್ಲಿ ಓದಿದರೆ ಕಥೆ ಗೊತ್ತಿರುವ ಕಾರಣ ಗೊತ್ತಿಲ್ಲದ ಪದಗಳ ಭಾರ ತಾನಾಗಿ ಇಳಿಯುತ್ತದೆ. ಪ್ರತಿ ಪದದ ಮೇಲೆ ಅರ್ಥ ಬರೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಕನ್ನಡದ ಓದು ಮಗುವಿನ ಬುದ್ಧಿಗೆ ಕಥೆಯ ಒಟ್ಟು ಚಿತ್ರವನ್ನು ಕೊಡುತ್ತದೆ, ಇಂಗ್ಲಿಷ್ ಪುಟ ಇಂಗ್ಲಿಷಾಗಿಯೇ ಉಳಿಯುತ್ತದೆ.

ಕೆಲವು ಕಥೆಗಳು ಧ್ವನಿಯೊಂದಿಗೂ ಸಿಗುತ್ತವೆ. ಇದು ಸಣ್ಣ ಸೌಲಭ್ಯವಲ್ಲ. ಕನ್ನಡದಲ್ಲಿ ಬರೆದದ್ದನ್ನು ಹಾಗೆಯೇ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಲ್ಲ. ಸ್ಟೇಷನ್, ಟಿಕೆಟ್, ಲೇಟು, ಟೆನ್ಷನ್, ಆಪರೇಷನ್, ಗ್ಯಾರಂಟಿ ಎಂದು ದಿನವೂ ಆಡುವ ಮಗುವಿಗೆ ಅವೇ ಪದಗಳು ಇಂಗ್ಲಿಷ್ ಅಕ್ಷರಗಳಲ್ಲಿ ಪುಟದ ಮೇಲೆ ಕಂಡಾಗ ಗುರುತು ಸಿಗುವುದಿಲ್ಲ. ಕಿವಿಗೆ ಈಗಾಗಲೇ ಗೊತ್ತಿರುವ ನೂರಾರು ಪದಗಳನ್ನು ಕಣ್ಣಿಗೆ ಪರಿಚಯಿಸಿದರೆ ಸಾಕು, ಓದುವ ಪದಸಂಪತ್ತು ಹೆಚ್ಚು ಶ್ರಮವಿಲ್ಲದೆ ಬೆಳೆಯುತ್ತದೆ. ಶಿಕ್ಷಕರು ಗಟ್ಟಿಯಾಗಿ ಓದುತ್ತಿರುವಾಗ ಮಕ್ಕಳು ಪುಸ್ತಕದಲ್ಲಿ ಬೆರಳಿಟ್ಟು ಹಿಂಬಾಲಿಸುವ ಹಳೆಯ ಕ್ರಮವೂ ಇದೇ ಕೆಲಸವನ್ನು ಮಾಡುತ್ತದೆ.

ಸ್ಟೋರಿವೀವರ್‌ನ ಮಿತಿಗಳೂ ಸ್ಪಷ್ಟವಾಗಿವೆ. ಇದರ ನಾಲ್ಕು ಹಂತಗಳನ್ನು ಕಥೆಯ ಉದ್ದ ಮತ್ತು ವಾಕ್ಯಗಳ ಸರಳತೆಯನ್ನು ನೋಡಿ ವಿಂಗಡಿಸಲಾಗಿದೆ. ಗ್ರೇಡೆಡ್ ರೀಡರ್‌ಗಳಲ್ಲಿರುವಂತೆ ನಿಗದಿತ ಪದಪಟ್ಟಿಯ ಬೇಲಿ ಇಲ್ಲ. ಹೀಗಾಗಿ ಎರಡನೆಯ ಹಂತದ ಕಥೆಯಲ್ಲೂ ಒಂದು ಹಕ್ಕಿಯದೋ ಗಿಡದ್ದೋ ವಿರಳವಾದ ಹೆಸರು ಇದ್ದಕ್ಕಿದ್ದಂತೆ ಬಂದುಬಿಡಬಹುದು. ಕಥೆಗಳು ಚಿಕ್ಕವಾದ್ದರಿಂದ ಪದಗಳ ಪುನರಾವರ್ತನೆಯೂ ಕಡಿಮೆ. ಸಾವಿರ ಪದಗಳ ಕಥೆಗಳಿಂದ ಎರಡು ಲಕ್ಷ ತಲುಪಲು ಇನ್ನೂರು ಕಥೆಗಳು ಬೇಕು. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಪುಟ್ಟ ಮಕ್ಕಳ ಚಿತ್ರಪುಸ್ತಕ ಕೊಟ್ಟಾಗ ಆಗುವ ಮುಜುಗರವನ್ನೂ ಲಘುವಾಗಿ ನೋಡಬಾರದು. ವಿಜ್ಞಾನ, ಪ್ರಾಣಿಗಳು, ಸಾಧಕರ ಜೀವನ ಇವುಗಳ ಬಗೆಗಿನ ಮೂರನೆಯ ಹಂತದ ಪುಸ್ತಕಗಳನ್ನು ಆರಿಸಿದರೆ ಈ ಮುಜುಗರ ಬಹುಮಟ್ಟಿಗೆ ತಪ್ಪುತ್ತದೆ.

ಹಣವಿಲ್ಲದ ಶಾಲೆಗೆ ಇದೇ ಮೊದಲ ಆಯ್ಕೆ. ಹಣ ಸ್ವಲ್ಪ ಇದ್ದರೆ ಆರಂಭಕ್ಕೆ ಇದನ್ನೂ, ಮುಂದುವರಿಕೆಗೆ ಗ್ರೇಡೆಡ್ ರೀಡರ್‌ಗಳನ್ನೂ ಜೋಡಿಸುವುದು ಸರಿಯಾದ ಕ್ರಮ ಎನ್ನುವುದು ನನ್ನ ಅಭಿಪ್ರಾಯ.

ಕಾಮಿಕ್ಸ್, ಮಕ್ಕಳ ಪುಸ್ತಕಗಳು, ಪತ್ರಿಕೆಗಳು

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥೆಯನ್ನೂ 1980ರಲ್ಲಿ ಟಿಂಕಲ್ ಪತ್ರಿಕೆಯನ್ನೂ ಆರಂಭಿಸಿದರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಟಿಂಕಲ್‌ನ ಭಾಷೆ ಇಂದಿನ ಮಾತುಕತೆಗೆ ಹತ್ತಿರವಾದದ್ದು, ಚಿತ್ರಗಳ ನೆರವಿನಿಂದ ಅರ್ಥ ಸಿಗುತ್ತದೆ. ಅಮರ ಚಿತ್ರ ಕಥೆಯಲ್ಲಿ ವನವಾಸ, ಶಾಪ, ಪ್ರತಿಜ್ಞೆ, ತಪಸ್ಸು ಇಂಥ ಅರ್ಥಗಳ ಇಂಗ್ಲಿಷ್ ಪದಗಳು ಹೆಚ್ಚು. ಅವು ಆ ಪುಸ್ತಕಗಳಲ್ಲಿ ಪದೇಪದೇ ಬಂದರೂ ಹೊರಗಿನ ದಿನನಿತ್ಯದ ಇಂಗ್ಲಿಷಿನಲ್ಲಿ ಅಷ್ಟಾಗಿ ಬರುವುದಿಲ್ಲ. ಆದರೂ ಭೀಷ್ಮನ ಪ್ರತಿಜ್ಞೆಯನ್ನು ಯಕ್ಷಗಾನದಲ್ಲಿ ಕಂಡ ಮಗು ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದುವಾಗ ತನ್ನ ಮಟ್ಟಕ್ಕಿಂತ ಎರಡು ಮೆಟ್ಟಿಲು ಮೇಲಿನದನ್ನೂ ಅರ್ಥ ಮಾಡಿಕೊಳ್ಳುತ್ತದೆ. ಓದಿನ ಧೈರ್ಯ ಹುಟ್ಟಿಸಲು ಇದು ಒಳ್ಳೆಯದು. ಪದಸಂಪತ್ತಿನ ಬುನಾದಿಗೆ ಮಾತ್ರ ಸಾಲದು. ಕಾಮಿಕ್ಸ್‌ನಲ್ಲಿ ಒಟ್ಟು ಪದಗಳ ಸಂಖ್ಯೆಯೂ ಕಡಿಮೆ.

ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಎರಡೂ 1957ರಲ್ಲಿ ಸ್ಥಾಪನೆಯಾದವು, ಕಡಿಮೆ ಬೆಲೆಯಲ್ಲಿ ಭಾರತೀಯ ಕಥಾವಸ್ತುವಿನ ಇಂಗ್ಲಿಷ್ ಪುಸ್ತಕಗಳನ್ನು ಕೊಡುತ್ತಿವೆ. ಇವು ಮೊದಲ ಭಾಷೆಯಂತೆ ಇಂಗ್ಲಿಷ್ ಓದುವ ಮಕ್ಕಳಿಗೂ ಬರೆದವುಗಳಾದ್ದರಿಂದ ಪದಮಿತಿ ಇಲ್ಲ. ಸಾವಿರದೈನೂರು ಪದಗಳನ್ನು ದಾಟಿದ ಮಕ್ಕಳಿಗೆ ಇವು ಹಿತವಾಗುತ್ತವೆ, ಎಂಟನೆಯ ತರಗತಿಯ ಹೊಸಬರಿಗೆ ಬೇಡ.

ಪತ್ರಿಕೆಯ ಬಗ್ಗೆ ನೇರವಾಗಿ ಹೇಳಬೇಕು. ಇಂಗ್ಲಿಷ್ ದಿನಪತ್ರಿಕೆಯನ್ನೋ ಕಾದಂಬರಿಯನ್ನೋ 98ರ ಅಳತೆಯಲ್ಲಿ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟುವ ರೂಪಗಳು ಸೇರಿ ಒಂದು ಕುಟುಂಬ) ಬೇಕೆಂದು ನೇಷನ್ 2006ರಲ್ಲಿ ತೋರಿಸಿದ್ದಾರೆ. ಸಾವಿರ ಪದಗಳ ಮಗುವಿಗೆ ಸಂಪಾದಕೀಯ ಓದು ಎಂದು ಹೇಳುವುದು ಹಿತವಚನದಂತೆ ಕಂಡರೂ ಮಗುವಿಗೆ ತಾನು ದಡ್ಡ ಎಂಬ ಭಾವನೆಯನ್ನಷ್ಟೇ ಬಿಟ್ಟುಹೋಗುತ್ತದೆ. ಒಂದು ವಿನಾಯಿತಿ ಇದೆ, ಅದು ಕ್ರೀಡಾಪುಟ. ಒಂದು ಕ್ರಿಕೆಟ್ ಸರಣಿ ನಡೆಯುವಷ್ಟು ದಿನವೂ ಅದರ ವರದಿಗಳನ್ನೇ ಓದುವ ಮಗುವಿಗೆ ಆಟ ಗೊತ್ತು, ಆಟಗಾರರು ಗೊತ್ತು, ನಿನ್ನೆಯ ಫಲಿತಾಂಶ ಟಿವಿಯಲ್ಲಿ ನೋಡಿದ್ದು ಗೊತ್ತು. ಅವೇ ಕ್ರಿಯಾಪದಗಳು, ಅವೇ ಪದಗುಚ್ಛಗಳು ದಿನವೂ ಮರಳಿ ಬರುತ್ತವೆ. ಒಂದೇ ವಿಷಯವನ್ನು ಬಿಡದೆ ಹಿಂಬಾಲಿಸುವ ಈ ಕ್ರಮ ಪದಗಳ ಪುನರಾವರ್ತನೆಯನ್ನು ಸಹಜವಾಗಿ ಒದಗಿಸುತ್ತದೆ.

ಪುಸ್ತಕಗಳ ಪ್ರವಾಹ: ಫಿಜಿಯ ಅನುಭವ

ಹಳ್ಳಿಯ ಶಾಲೆಗಳಲ್ಲಿ ಇದೆಲ್ಲ ಆಗುವ ಮಾತಲ್ಲ ಎಂಬ ಅನುಮಾನ ಸಹಜ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ವಾರ್ವಿಕ್ ಎಲೀ ಮತ್ತು ಫ್ರಾನ್ಸಿಸ್ ಮಂಗುಭಾಯಿ 1980ರ ದಶಕದ ಆರಂಭದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರವಾಗಿದೆ. ಅಲ್ಲಿಯೂ ಗ್ರಾಮೀಣ ಶಾಲೆಗಳು, ಅಲ್ಲಿಯೂ ಇಂಗ್ಲಿಷ್ ಎರಡನೆಯ ಭಾಷೆ, ಮನೆಗಳಲ್ಲಿ ಇಂಗ್ಲಿಷ್ ಪುಸ್ತಕಗಳು ವಿರಳ. ನಾಲ್ಕು ಮತ್ತು ಐದನೆಯ ತರಗತಿಗಳಿಗೆ ತಲಾ 250 ಆಕರ್ಷಕ ಕಥೆಪುಸ್ತಕಗಳನ್ನು ಕೊಡಲಾಯಿತು. ಕೆಲವು ತರಗತಿಗಳಲ್ಲಿ ಶಿಕ್ಷಕರು ಮಕ್ಕಳೊಂದಿಗೆ ಸೇರಿ ಗಟ್ಟಿಯಾಗಿ ಓದಿ ಚರ್ಚಿಸಿದರು. ಕೆಲವು ತರಗತಿಗಳಲ್ಲಿ ಮಕ್ಕಳು ದಿನವೂ ಮೌನವಾಗಿ ಓದಿದರು. ಎಂಟು ತಿಂಗಳ ಬಳಿಕ ಇವರ ಓದು ಮತ್ತು ಆಲಿಸುವ ಸಾಮರ್ಥ್ಯ ಸಾಮಾನ್ಯ ಕ್ರಮದಲ್ಲಿ ಕಲಿತವರಿಗಿಂತ ಸುಮಾರು ಎರಡರಷ್ಟು ವೇಗದಲ್ಲಿ ಬೆಳೆದಿತ್ತು. ಎರಡನೆಯ ವರ್ಷದ ಹೊತ್ತಿಗೆ ಲಾಭ ಬರವಣಿಗೆಗೂ ಹರಡಿತ್ತು. ಆ ಮಕ್ಕಳು ನಮ್ಮ ಪ್ರೌಢಶಾಲೆಯವರಿಗಿಂತ ಚಿಕ್ಕವರು ಎಂಬುದು ನಿಜ. ಆದರೆ ಪುಸ್ತಕಗಳ ಸಂಖ್ಯೆ, ಮಕ್ಕಳ ಆಸಕ್ತಿ ಮತ್ತು ದಿನವೂ ತಪ್ಪದ ಸಮಯ ಈ ಮೂರೂ ಕೂಡಿದರೆ ಸಾಧಾರಣ ಸೌಕರ್ಯದ ಶಾಲೆಯಲ್ಲೂ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಯಾವ ಮಗುವಿಗೆ ಯಾವುದು

ಆಯ್ಕೆಗೆ ಮುನ್ನ ಒಂದು ಸರಳ ಪರೀಕ್ಷೆ ಮಾಡಬಹುದು. ಪುಸ್ತಕದ ನಡುವಿನಿಂದ ನೂರು ಪದಗಳ ಭಾಗವನ್ನು ಮಗುವಿಗೆ ಕೊಟ್ಟು, ಅರ್ಥವಾಗದ ಪದಗಳ ಕೆಳಗೆ ಗೆರೆ ಎಳೆಯಲು ಹೇಳಿ. ಎರಡರವರೆಗೆ ಗೆರೆಗಳಿದ್ದರೆ ಮಗು ಒಂಟಿಯಾಗಿ ಓದಬಹುದು. ಮೂರರಿಂದ ಐದು ಇದ್ದರೆ ಧ್ವನಿಯ ನೆರವಿನೊಂದಿಗೆ, ಗೆಳೆಯರೊಂದಿಗೆ ಅಥವಾ ಕನ್ನಡ ಆವೃತ್ತಿಯನ್ನು ಮೊದಲು ಓದಿ ಓದಬಹುದು. ಅದಕ್ಕಿಂತ ಹೆಚ್ಚಿದ್ದರೆ ಆ ಪುಸ್ತಕವನ್ನು ಸದ್ಯಕ್ಕೆ ಬದಿಗಿಡುವುದೇ ಒಳಿತು. ಪುಸ್ತಕದ ಮೊದಲ ಪುಟವನ್ನು ಪರೀಕ್ಷೆಗೆ ಬಳಸಬಾರದು, ಏಕೆಂದರೆ ಅಲ್ಲಿ ಹೆಸರುಗಳೂ ಸ್ಥಳಗಳೂ ಒಟ್ಟಿಗೆ ಬಂದು ಲೆಕ್ಕ ತಪ್ಪುತ್ತದೆ.

ಎಂಟನೆಯ ತರಗತಿಗೆ ಬರುವ ಒಂದೇ ಕೊಠಡಿಯ ಮಕ್ಕಳಲ್ಲಿ ಮೂರು ಬಗೆಯವರು ಇರುತ್ತಾರೆ. ಅಕ್ಷರ ಕೂಡಿಸಿ ಓದುವವರಿಗೆ ಪದದ ಚೀಟಿಗಳು, ಶಿಕ್ಷಕರ ಗಟ್ಟಿ ಓದು ಮತ್ತು ಎರಡು ಭಾಷೆಗಳಲ್ಲಿ ಸಿಗುವ ಚಿಕ್ಕ ಕಥೆಗಳು ಬೇಕು. ಇವರಿಗೆ ಮೊದಲ ನಾಲ್ಕೈದು ತಿಂಗಳು ಮೌನ ಓದನ್ನು ಹೇರಬಾರದು. ಸರಳ ವಾಕ್ಯಗಳನ್ನು ಓದಬಲ್ಲ ದೊಡ್ಡ ಗುಂಪಿಗೆ 250 ಮತ್ತು 400 ಪದಗಳ ಹಂತದ ಗ್ರೇಡೆಡ್ ರೀಡರ್‌ಗಳನ್ನು ರಾಶಿಯಾಗಿ ಕೊಡಬೇಕು, ಮೇಲಿನ ಹಂತಕ್ಕೆ ಆತುರಪಡಬಾರದು. ಈಗಾಗಲೇ ಚೆನ್ನಾಗಿ ಓದುವ ಕೆಲವರಿಗೆ ಟಿಂಕಲ್, ಮಕ್ಕಳ ಕಾದಂಬರಿಗಳು, ಕ್ರೀಡಾಪುಟ ಏನು ಬೇಕಾದರೂ ಸರಿ. ಅವರಿಗೆ ಬೇಕಾದದ್ದು ಪುಸ್ತಕಗಳ ಪೂರೈಕೆಯೇ ಹೊರತು ಮಾರ್ಗದರ್ಶನವಲ್ಲ.

ಹತ್ತನೆಯ ತರಗತಿಯಲ್ಲಿ ಇದನ್ನು ಹೊಸದಾಗಿ ಆರಂಭಿಸಲು ನಾನು ಸಲಹೆ ಕೊಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಒತ್ತಡದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷವನ್ನು ಕಾಪಾಡಿಕೊಳ್ಳುವುದು ಕಷ್ಟ, ಅರ್ಧಕ್ಕೆ ಬಿಟ್ಟ ಓದು ನಿರುತ್ಸಾಹ ತರುತ್ತದೆ. ಎಂಟರಲ್ಲಿ ಶುರು ಮಾಡಿ ಒಂಬತ್ತರಲ್ಲಿ ವೇಗ ಪಡೆದ ಮಕ್ಕಳು ಹತ್ತಕ್ಕೆ ಬರುವಾಗ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದರೂ ಪತ್ರ ಬರೆಯಲು ಹೇಳಿದರೂ ಗೈಡ್ ಹುಡುಕುವುದಿಲ್ಲ.

ಸಮಯದ ಬಗ್ಗೆ ಕೇಳುವವರಿಗೆ: ವಾರಕ್ಕೆ ಒಂದು ಇಂಗ್ಲಿಷ್ ಪಿರಿಯಡ್‌ನ್ನು ಪೂರ್ತಿಯಾಗಿ ಓದಿಗೆ ಮೀಸಲಿಟ್ಟು, ಉಳಿದದ್ದನ್ನು ಮನೆಯ ಓದಿಗೆ ಬಿಡಿ. ಪುಸ್ತಕಗಳು ಬೀರುವಿನಲ್ಲಿ ಬೀಗದ ಹಿಂದೆ ಇರದೆ ತರಗತಿಯ ಪೆಟ್ಟಿಗೆಯಲ್ಲಿ ಇರಲಿ. ಮಕ್ಕಳಿಗಾಗಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ನಂತರ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲು ಶಾಲಾಮಕ್ಕಳಿಗೆ ಹೆಚ್ಚು ತೆರೆದಿದೆ. ಅಲ್ಲಿ ಇಂಗ್ಲಿಷ್ ಪುಸ್ತಕಗಳ ಒಂದು ಕಪಾಟಿಗಾಗಿ ಶಿಕ್ಷಕರೂ ಪೋಷಕರೂ ಪಂಚಾಯಿತಿಯನ್ನು ಕೇಳಿಕೊಳ್ಳಬಹುದು. ರಜೆಯ ಎರಡು ತಿಂಗಳಲ್ಲಿ ಆಗುವ ಮರೆವನ್ನು ತಡೆಯಲು ಅದೇ ದಾರಿ. ಮೊಬೈಲ್ ಓದಿಗಿಂತ ಮುದ್ರಿತ ಪ್ರತಿಯೇ ನನಗೆ ಇಷ್ಟ, ಮನೆಯ ಒಂದೇ ಫೋನ್ ರಾತ್ರಿ ಎಂಟರ ಮೇಲೆ ಮಗುವಿನ ಕೈಗೆ ಬರುವ ಮನೆಗಳಲ್ಲಂತೂ.

ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸುವುದು, ಹತ್ತು ಪ್ರಶ್ನೆ ಕೊಡುವುದು, ಅಂಕ ಹಾಕುವುದು ಬೇಡ. ಪುಸ್ತಕದ ಹೆಸರು, ಮುಗಿಸಿದ ದಿನಾಂಕ, ಇಷ್ಟವಾಯಿತೇ ಇಲ್ಲವೇ ಎಂಬ ಒಂದು ಸಾಲು ಸಾಕು. ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ಮಗುವಿಗೆ ಇರಬೇಕು. ಒಂದು ಪುಟದಲ್ಲಿ ಒಂದು ಪದಕ್ಕಿಂತ ಹೆಚ್ಚು ನಿಘಂಟು ನೋಡಬಾರದು ಎಂಬ ನಿಯಮ ಹಾಕಿದರೆ ಓದಿನ ಓಟ ಕೆಡುವುದಿಲ್ಲ; ಮೂರು ಬಾರಿ ಎದುರಾಗಿಯೂ ಅರ್ಥವಾಗದ ಪದವನ್ನು ಮಾತ್ರ ಚೀಟಿಗೆ ಸೇರಿಸಲಿ. ಹೀಗೆ ಪದದ ಚೀಟಿಗಳು ಗೋಡೆಯ ಚಾರ್ಟಿನಿಂದ ಬರದೆ ಮಗುವಿನ ಸ್ವಂತ ಓದಿನಿಂದ ಬರುತ್ತವೆ.

ಫಲವನ್ನು ಅಳೆಯಬೇಕೆನಿಸಿದರೆ ಅರ್ಧ ವರ್ಷಕ್ಕೊಮ್ಮೆ ಅಳೆಯಿರಿ. ಪೆಟ್ಟಿಗೆಯ ಪುಸ್ತಕಗಳಲ್ಲಿ ಹೆಚ್ಚು ಬಾರಿ ಬರುವ ಮೂವತ್ತು ಪದಗಳನ್ನು ವರ್ಷದ ಆರಂಭದಲ್ಲಿ ಆರಿಸಿಟ್ಟುಕೊಂಡು, ಅವುಗಳಲ್ಲಿ ಎಷ್ಟಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆಂದು ಜೂನ್‌ನಲ್ಲಿಯೂ ದಸರಾ ರಜೆಯ ನಂತರವೂ ಕೇಳಿ. ಸ್ಪೆಲ್ಲಿಂಗ್ ಕೇಳಬೇಡಿ, ಡಿಕ್ಟೇಶನ್ ಕೊಡಬೇಡಿ. ಓದಿನಿಂದ ಮೊದಲು ಬರುವುದು ಗುರುತಿಸುವ ಶಕ್ತಿ, ಬರೆಯುವುದು ಆಮೇಲೆ. ಸಂಖ್ಯೆ ಏರದಿದ್ದರೆ ಮಗುವಿನ ದಾಖಲೆ ಪುಸ್ತಕವನ್ನು ತೆರೆದು ಎರಡು ಸಂಗತಿಗಳನ್ನು ನೋಡಿ: ಓದಿದ ಪುಸ್ತಕಗಳು ಐದಾರಕ್ಕಿಂತ ಕಡಿಮೆಯಿದ್ದರೆ ಪ್ರಮಾಣ ಸಾಲದು, ಹೆಚ್ಚಿನ ಪುಸ್ತಕಗಳನ್ನು ಅರ್ಧಕ್ಕೆ ಬಿಟ್ಟಿದ್ದರೆ ಹಂತ ಎತ್ತರವಾಗಿದೆ. ಎರಡನೆಯದಾಗಿದ್ದರೆ ಮರುದಿನವೇ ಒಂದು ಹಂತ ಕೆಳಗಿನ ಪುಸ್ತಕವನ್ನು ಕೊಡಿ.